ನಾಲ್ಕು ನಿಮಿಷದ ದಾರಿ

"ಒಂಬತ್ ನಿಮಿಷ ಹನ್ನೆರಡ್ ಸೆಕೆಂಡು! ಏನೇ ಮುದ್ಕಿ, ಉಚ್ಚೆ ಹುಯ್ಯಕ್ಕೋಗಿದ್ಯೋ, ಹೆರಿಗೆಗೋಗಿದ್ಯೋ?"

ಮೇಸ್ತ್ರಿ ಡ್ಯಾರೆಲ್ ಕೊರಳಲ್ಲಿ ನೇತಾಡುತ್ತಿದ್ದ ಸ್ಟಾಪ್‌ವಾಚನ್ನು ಕಲೋ ಅತ್ತೆಯ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ. ಅತ್ತೆಗೆ ಐವತ್ತೆಂಟು ವರ್ಷ. ಬಲಮಂಡಿ ಕೆಟ್ಟು ನಾಲ್ಕು ವರ್ಷವಾಗಿತ್ತು. ಅರ್ಧ ಓಡಿ ಅರ್ಧ ಕುಂಟಿ ಬಂದಿದ್ದರಿಂದ ಏದುಸಿರು ಇನ್ನೂ ನಿಂತಿರಲಿಲ್ಲ.

"ಮಂಡಿ ನೋಯ್ತದೆ ಕಣಪ್ಪ," ಎಂದಳು.

"ಮಂಡಿಗೆ ನಾಕ್ ನಿಮಿಷ ಅಂತ ಬರ್ದಿಲ್ಲ. ಮನ್ಷರಿಗೆ ನಾಕ್ ನಿಮಿಷ ಅಂತ ಬರ್ದದೆ. ನೀನ್ ಮನ್ಷಳೋ ಅಲ್ವೋ, ಅದನ್ ಮೊದ್ಲು ಹೇಳು."

ದ್ರಾಕ್ಷಿ ಪ್ಯಾಕಿಂಗ್ ಶೆಡ್ಡಿನಲ್ಲಿ ಗೊಂಚಲು ಹೊತ್ತು ಓಡುವ ಬೆಲ್ಟಿನ ಎರಡೂ ಬದಿಗೆ ನಿಂತಿದ್ದ ನಲವತ್ತು ಹೆಂಗಸರು ತಲೆ ಎತ್ತಲಿಲ್ಲ. ಕತ್ತರಿಗಳು ಮಾತ್ರ ಕಚಕಚ ಎನ್ನುತ್ತಿದ್ದವು. ಡ್ಯಾರೆಲ್ ಜೇಬಿನಿಂದ ಪುಸ್ತಕ ತೆಗೆದು ಒಂದು ಹಳದಿ ಚೀಟಿ ಹರಿದು ಅತ್ತೆಯ ಎದೆಯ ಮೇಲಿನ ಏಪ್ರನ್ನಿಗೆ ಸಿಕ್ಕಿಸಿದ. ಮೂರು ಚೀಟಿ ಬಿದ್ದವರಿಗೆ ಕೆಲಸವಿಲ್ಲ. ಅತ್ತೆ ಟೋಂಗಾ ದ್ವೀಪದಿಂದ ಕೊಯ್ಲಿನ ತಿಂಗಳುಗಳಿಗಷ್ಟೇ ಕೊಡುವ ಸೀಸನ್ ವೀಸಾದ ಮೇಲೆ ಬಂದವಳು. ಕೆಲಸ ಹೋದರೆ ವಾರದೊಳಗೆ ವಿಮಾನ, ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರೂ ಇಲ್ಲ. ಚಂಡಮಾರುತ ಎತ್ತಿಕೊಂಡು ಹೋದ ಮನೆಗೆ ಅವಳು ಇನ್ನೂ ಅರ್ಧ ಸೂರನ್ನೇ ಹೊದೆಸಿದ್ದಳು. ಉಳಿದರ್ಧದ ಕೆಳಗೆ ಮೂವರು ಮೊಮ್ಮಕ್ಕಳು ಟಾರ್ಪಾಲು ಹೊದ್ದು ಮಲಗುತ್ತಿದ್ದರು.

ಇದನ್ನೆಲ್ಲ ಬೆಲ್ಟಿನ ತುದಿಯಲ್ಲಿ ತಕ್ಕಡಿ ಹತ್ತಿರ ನಿಂತು ನೋಡುತ್ತಿದ್ದವಳು ನೈತೆ, ಅತ್ತೆಯ ತಮ್ಮನ ಮಗಳು, ಹದಿನಾರು ವರ್ಷದ ಹುಡುಗಿ. ಶುಕ್ರವಾರ ಅವಳ ತರಗತಿಗೆ ಶಾಲೆಯಿರಲಿಲ್ಲ. 'ಕೆಲಸದ ಸ್ಥಳದಲ್ಲಿ ಕಲಿಕೆ' ಎಂದು ಹೆಸರಿಟ್ಟು ಮಕ್ಕಳನ್ನು ಶೆಡ್ಡಿಗೆ ಕಳಿಸುತ್ತಿದ್ದರು. ಅವಳ ಬೆನ್ನ ಹಿಂದಿನ ಗೋಡೆಗೆ ಕಂಪನಿಯ ಹೊಸ ನಿಯಮದ ಹಾಳೆ ಅಂಟಿಸಿತ್ತು. 'ಶೌಚದ ಬಿಡುವು: ನಾಲ್ಕು ನಿಮಿಷ.' ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, 'ವೈಜ್ಞಾನಿಕ ಅಳತೆ: ಹನ್ನೊಂದನೇ ತರಗತಿ, ವ್ಯಾವಹಾರಿಕ ಗಣಿತ.' ನೈತೆ ಆ ಹಾಳೆಗೆ ಬೆನ್ನು ಒತ್ತಿಕೊಂಡು, ಅದು ಯಾರಿಗೂ ಕಾಣದ ಹಾಗೆ ನಿಂತಳು. ಎರಡು ತಿಂಗಳಿಂದ ಎಲ್ಲರೂ ನೋಡಿದ್ದ ಹಾಳೆ ಅದು.

ಇದಕ್ಕೆಲ್ಲ ಮೂಲ ಗಣಿತದ ಪ್ರೂಯಿಟ್ ಮೇಷ್ಟ್ರು. ಒಳ್ಳೆಯ ಮನುಷ್ಯ, ಅದೇ ತೊಂದರೆ. ಊರಿನ ಹೈಸ್ಕೂಲಿನಲ್ಲಿ ಎರಡು ಬಗೆಯ ಗಣಿತವಿತ್ತು. ಡಾಕ್ಟರು, ಎಂಜಿನಿಯರು ಆಗುವವರಿಗೆ ಒಂದು. ದ್ರಾಕ್ಷಿ ಶೆಡ್ಡು, ಬಾದಾಮಿ ತೋಟ, ಲಾರಿ, ಇಷ್ಟರಲ್ಲೇ ಬದುಕು ಮುಗಿಸುವವರಿಗೆ ಇನ್ನೊಂದು. ಎರಡನೆಯದಕ್ಕೆ ಸರ್ಕಾರ ಇಟ್ಟ ಹೆಸರು ವ್ಯಾವಹಾರಿಕ ಗಣಿತ. ಮೊದಲನೆಯದರಲ್ಲಿ ಕೂತವರು ಅದನ್ನು 'ತರಕಾರಿ ಗಣಿತ' ಎನ್ನುತ್ತಿದ್ದರು. ಅಂದರೆ ಬೆಂಚಿನ ಮೇಲೆ ಕುಂಬಳಕಾಯಿ ಇಟ್ಟರೂ ಪಾಸಾಗುತ್ತದೆ ಎಂದರ್ಥ. ಯಾರು ಎಲ್ಲಿ ಕೂರಬೇಕೆಂದು ನಿರ್ಧರಿಸಲು ನ್ಯಾಯವಾದ ಪರೀಕ್ಷೆಯೊಂದಿತ್ತಂತೆ. ಹತ್ತೊಂಬತ್ತು ತರಕಾರಿಗಳಲ್ಲಿ ಹದಿನಾರು ನಮ್ಮ ಟೋಂಗಾದವರೇ ಆಗಿದ್ದು ಆ ನ್ಯಾಯದ ಚಮತ್ಕಾರ.

ಪುಸ್ತಕದ ಲೆಕ್ಕ ಬೇಡ, ನಿಜಜೀವನದ ಲೆಕ್ಕ ಬೇಕು ಎಂದು ಮೇಷ್ಟ್ರಿಗೆ ಆಸೆ. ದ್ರಾಕ್ಷಿ ಕಂಪನಿಯ ಮ್ಯಾನೇಜರ್ ವಿಟ್ಕಂಬ್ ಹತ್ತಿರ ಹೋಗಿ ಒಂದು ನಿಜಜೀವನ ಕೊಡಿ ಎಂದು ಕೇಳಿದರು. ವಿಟ್ಕಂಬ್ ಸಂತೋಷದಿಂದ ಕೊಟ್ಟ. 'ನಮ್ಮ ಕಾರ್ಮಿಕರೊಬ್ಬರು ಶೌಚಕ್ಕೆ ಹೋಗಿಬರಲು ನ್ಯಾಯವಾಗಿ ಎಷ್ಟು ಹೊತ್ತು ಬೇಕು?' ಜೊತೆಗೆ ಶೆಡ್ಡಿನ ನಕ್ಷೆಯನ್ನೂ ಕೊಟ್ಟ. ವಿಮೆಯ ಕಾಗದ ಬರುವ ತನಕ ಮಕ್ಕಳು ಒಳಗೆ ಕಾಲಿಡುವಂತಿಲ್ಲ, ನಕ್ಷೆಯಲ್ಲೇ ಅಳೆಯಿರಿ ಎಂದ.

ನೈತೆ ಸ್ಕೇಲು ಇಟ್ಟು ಅಳೆದಳು. ಶೆಡ್ಡಿನ ಅಗಲ ಅರವತ್ತು ಮೀಟರು, ಉದ್ದ ಎಂಬತ್ತು. ಬೆಲ್ಟು ಒಂದು ಮೂಲೆಗೆ, ಹೆಂಗಸರ ಶೌಚಾಲಯ ಎದುರು ಮೂಲೆಗೆ. ಆ ವಾರವಷ್ಟೇ ಮೇಷ್ಟ್ರು ಲಂಬಕೋನ ತ್ರಿಭುಜ ಕಲಿಸಿದ್ದರು. ಮೂಲೆಯಿಂದ ಮೂಲೆಗೆ ಗೆರೆ ಎಳೆದಳು, ವರ್ಗ ಮಾಡಿ ಕೂಡಿಸಿದಳು, ಸರಿಯಾಗಿ ನೂರು ಮೀಟರು ಬಂತು. ಹುಳುಕಿಲ್ಲ, ದಶಮಾಂಶವಿಲ್ಲ, ಉಂಡೆಯಂಥ ನೂರು. ಜೀವನದಲ್ಲಿ ಮೊದಲ ಸಲ ಒಂದು ಲೆಕ್ಕ ತನ್ನನ್ನು ನೋಡಿ ನಕ್ಕಿತು ಎನಿಸಿ ಅವಳಿಗೆ ಮೈ ಜುಮ್ಮೆಂದಿತು. ನಡೆಯುವ ವೇಗಕ್ಕೆ ಶಾಲೆಯ ಫುಟ್ಬಾಲ್ ತಂಡದ ಇಬ್ಬರು ಹುಡುಗರನ್ನು ಪಡಸಾಲೆಯಲ್ಲಿ ನಡೆಸಿ ಸರಾಸರಿ ತೆಗೆದರು. ಹೋಗಿಬರಲು ಇಷ್ಟು, ಕೂತೇಳಲು ಒಂದು ನಿಮಿಷ, ಕೈತೊಳೆಯಲು ಇಪ್ಪತ್ತು ಸೆಕೆಂಡು, ಗ್ಲೌಸಿಗೆ ಹದಿನೈದು. ಒಟ್ಟು ಮೂರು ನಿಮಿಷ ಐವತ್ತೆಂಟು ಸೆಕೆಂಡು.

ವಿಟ್ಕಂಬ್ ಅದನ್ನು ನಾಲ್ಕು ನಿಮಿಷ ಮಾಡಿದ. ಮೇಲಿನ ಎರಡು ಸೆಕೆಂಡು ಕಂಪನಿಯ ಕೊಡುಗೆ ಎಂದು ನೋಟಿಸಿನಲ್ಲಿ ಹಾಕಿಸಿದ.

ನೈತೆಗೆ ಎ ದರ್ಜೆ ಬಂತು. ಅಪ್ಪ ಆ ಹಾಳೆಯನ್ನು ಚರ್ಚಿಗೆ ಒಯ್ದ, ಪಾದ್ರಿ ಪೀಠದ ಮೇಲಿಂದ ಹೆಸರು ಹೇಳಿದರು. ನಮ್ಮವರಲ್ಲಿ ಅಪ್ಪನ ಅಕ್ಕನಿಗಿಂತ ಮೇಲೆ ಯಾರೂ ಇಲ್ಲ. ಮದುವೆಯಿರಲಿ ಸಾವಿರಲಿ ಅವಳು ಕೂತ ಮೇಲೆ ಉಳಿದವರು ಕೂರಬೇಕು, ಅವಳ ಮಾತಿಗೆ ಅಪ್ಪನೂ ಎದುರಾಡುವಂತಿಲ್ಲ. ಅಂಥ ಕಲೋ ಅತ್ತೆ ಒಳಗೆ ಏನು ಬರೆದಿದೆಯೆಂದು ತಿಳಿಯದೆ ಆ ಹಾಳೆಗೆ ಮುತ್ತಿಟ್ಟಿದ್ದಳು. ನೋಟಿಸು ಗೋಡೆಗೆ ಹತ್ತಿದ್ದು ಅದರ ಮರುವಾರ.

ವಿಮೆಯ ಕಾಗದ ಬಂದ ಮೇಲೆ ನೈತೆ ಶೆಡ್ಡಿನೊಳಗೆ ಕಾಲಿಟ್ಟಳು. ಮೊದಲು ಮಾಡಿದ ಕೆಲಸ, ಬೆಲ್ಟಿನಿಂದ ಶೌಚಾಲಯಕ್ಕೆ ನಡೆದು ನೋಡಿದ್ದು. ಅವಳು ಎಳೆದ ಗೆರೆಯ ಮೇಲೆ ಆಫೀಸು ಕೂತಿತ್ತು. ಕೆಲಸದವರು ಆಫೀಸಿನೊಳಗೆ ಹೋಗುವಂತಿಲ್ಲ. ನೆಲದ ಮೇಲೆ ಬಳಿದ ಹಳದಿ ಪಟ್ಟಿ ಹಿಡಿದು ಹಿಂಬಾಗಿಲಿಂದ ಹೊರಬಿದ್ದು, ಲಾರಿ ನಿಲ್ಲುವ ಅಂಗಳ ಸುತ್ತಿ, ನಲವತ್ತೊಂದು ಡಿಗ್ರಿ ಬಿಸಿಲಲ್ಲಿ ಹಾದು, ಆಚೆ ಬಾಗಿಲಿಂದ ಒಳಗೆ ಬರಬೇಕು. ಹೆಜ್ಜೆ ಎಣಿಸಿದಳು. ಇನ್ನೂರ ಮೂವತ್ತು ಮೀಟರು. ಅದೂ ಒಂದು ಕಡೆಗೆ.

ಮೇಷ್ಟ್ರ ಹತ್ತಿರ ಓಡಿದಳು. "ಸರ್, ನನ್ ಲೆಕ್ಕ ತಪ್ಪು."

ಪ್ರೂಯಿಟ್ ಮೇಷ್ಟ್ರು ಹಾಳೆಯನ್ನು ಮತ್ತೆ ನೋಡಿದರು. "ಎಲ್ಲಮ್ಮ ತಪ್ಪು? ಆರು, ಎಂಟು, ಹತ್ತು. ಎಷ್ಟು ಮುದ್ದಾಗಿ ಬಂದಿದೆ."

"ಅಲ್ಲಿ ಗೋಡೆ ಅದೆ ಸರ್."

"ಗಣಿತ ಸರಿಯಾಗಿದೆ ನೈತೆ. ಗೋಡೆ ಇರೋದು ಬೇರೆ ವಿಷಯ. ಅಂಕ ಆಗಲೇ ಇಲಾಖೆಗೆ ಹೋಗಿಬಿಟ್ಟಿದೆ, ಈಗ ತಿದ್ದಿದರೆ ನಿನಗೇ ನಷ್ಟ."

ಆ ದಿನದಿಂದ ನೈತೆ ಎ ದರ್ಜೆಯ ಹುಡುಗಿಯಾಗಿಯೇ ಉಳಿದಳು. 

ಮೊದಲ ಹಳದಿ ಚೀಟಿ ಬಿದ್ದ ಮೇಲೆ ಅತ್ತೆ ನೀರು ಕುಡಿಯುವುದನ್ನು ಬಿಟ್ಟಳು. ಬೆಳಿಗ್ಗೆ ಒಂದು ತುಂಡು ಗೆಣಸು ತಿಂದು ಬಾಯಿ ಒರೆಸಿಕೊಂಡು ಬರುತ್ತಿದ್ದಳು, ಅಷ್ಟೇ. ಆದರೆ ದ್ರಾಕ್ಷಿ ಬಾಡಬಾರದೆಂದು ಶೆಡ್ಡನ್ನು ಹನ್ನೆರಡು ಡಿಗ್ರಿಯಲ್ಲಿ ತಣ್ಣಗಿಟ್ಟಿರುತ್ತಾರೆ. ಆ ಚಳಿಯಲ್ಲಿ ಹತ್ತು ಗಂಟೆ ನಿಂತ ಹೆಂಗಸಿನ ಮೈ ಯಾರ ನೋಟಿಸನ್ನೂ ಓದುವುದಿಲ್ಲ. ಮಾರ್ಚಿನ ಎರಡನೇ ಶುಕ್ರವಾರ ಮಧ್ಯಾಹ್ನ ಅತ್ತೆ ಕೈಯಲ್ಲಿ ಗೊಂಚಲು ಹಿಡಿದುಕೊಂಡೇ ನಿಂತುಬಿಟ್ಟಳು. ಅವಳ ರಬ್ಬರ್ ಬೂಟಿನಿಂದ ನೀರು ತುಳುಕಿ ಬಿಳಿ ನೆಲದ ಮೇಲೆ ಹರಿಯಿತು. ಪಕ್ಕದಲ್ಲಿದ್ದ ವೀಕಾ ಎಂಬವಳು ಬೇಕೆಂದೇ ಒಂದು ಬುಟ್ಟಿ ದ್ರಾಕ್ಷಿಯನ್ನು ಅದರ ಮೇಲೆ ಬೀಳಿಸಿದಳು. ಮುಚ್ಚಲಿಕ್ಕಾಗಲಿಲ್ಲ.

ಡ್ಯಾರೆಲ್ ಬೆಲ್ಟು ನಿಲ್ಲಿಸಿದ.

"ಥೂ ನಿನ್ನ! ದನದ್ ಕೊಟ್ಗೆ ಅಂದ್ಕಂಡ್ಯೇನೇ ಇದ್ನ? ತಿನ್ನೋ ಪದಾರ್ಥ ಕಣೇ ಇದು!"

"ಹೋಗ್ಲಿ ಬಿಡಪ್ಪ, ನಾನೇ ತೊಳಿತೀನಿ," ಎಂದಳು ಅತ್ತೆ. ಅವಳ ದನಿ ಎಷ್ಟು ಸಣ್ಣಗಿತ್ತೆಂದರೆ ನೈತೆಗೆ ಅದು ಯಾರದೋ ಎನಿಸಿತು.

"ತೊಳ್ದ್ರೆ ಆಗೋಯ್ತಾ? ಫಾರಂ ತುಂಬ್ಬೇಕು." ಅವನು ಸುತ್ತ ನೋಡಿ ನೈತೆಯನ್ನು ಕರೆದ. "ಏಯ್ ಲೆಕ್ಕದ್ ಹುಡ್ಗಿ, ಬಾ ಇಲ್ಲಿ. ನಿಂಗೂ ಪ್ರಾಕ್ಟಿಕಲ್ ಆಯ್ತದೆ."

ಅದು ಆಹಾರ ಸುರಕ್ಷತೆಯ ಫಾರಂ. ಘಟನೆ ನಡೆದ ಹೊತ್ತು. ಬೆಲ್ಟು ನಿಂತ ನಿಮಿಷಗಳು. ಮೂರನೇ ಸಾಲು, 'ಚೆಲ್ಲಿದ ದ್ರವದ ಪ್ರಮಾಣ, ಮಿಲಿಲೀಟರ್‌ಗಳಲ್ಲಿ.'

"ಎಷ್ಟಿರ್ಬೋದು? ಅಂದಾಜ್ ಹಾಕು," ಎಂದ ಡ್ಯಾರೆಲ್. "ಉದ್ದ ಅಗ್ಲ ಅಳ್ದು ದಪ್ಪದಿಂದ ಗುಣ್ಸು. ಅದೇ ಅಲ್ವಾ ಸ್ಕೂಲಲ್ಲಿ ಹೇಳ್ಕೊಡೋದು?"

ಅವನು ಅಳತೆಪಟ್ಟಿ ಮುಂದೆ ಹಿಡಿದ. ತಮಾಷೆಗಲ್ಲ, ನಿಜವಾಗಿ ಹಿಡಿದ. ಸಾಲು ಖಾಲಿ ಬಿಟ್ಟರೆ ಆಫೀಸಿನವರು ಅವನ ಮೇಲೆ ಹಾಯುತ್ತಾರೆ. ಅವನ ಹಣೆಯ ಮೇಲೆ ಬೆವರಿತ್ತು. ನೈತೆ ಅತ್ತೆಯ ಮುಖ ನೋಡಿದಳು. ಊರಿನಲ್ಲಿ ಯಾರ ಎದುರು ಅಪ್ಪ ತಲೆಯೆತ್ತಿ ಮಾತಾಡುವುದಿಲ್ಲವೋ ಅವಳು ಈಗ ಕಾಲು ಅಲುಗಿಸಿದರೆ ಬೂಟು ಪಚಕ್ಕೆನ್ನುತ್ತದೆಂದು ಅಲುಗದೆ ನಿಂತಿದ್ದಳು.

"ನಾನ್ ಅಳೆಯಲ್ಲ," ಎಂದಳು ನೈತೆ.

"ಅಳೀದಿದ್ರೆ ನಿನ್ ಶುಕ್ರವಾರದ್ ಹಾಜ್ರಿ ಹೋಯ್ತದೆ."

"ಹೋಗ್ಲಿ."

ಕೊನೆಗೆ ಡ್ಯಾರೆಲ್ ತಾನೇ ಮಂಡಿಯೂರಿ ಅಳೆದ. ಕೂಡಿಸಿ ಗುಣಿಸಿ ಹದಿನಾಲ್ಕು ಲೀಟರ್ ಎಂದು ಬರೆದ. ದಶಮಾಂಶ ಎಲ್ಲೋ ಜಾರಿತ್ತು. ಆಫೀಸಿನಲ್ಲಿ ಯಾರೂ ಪ್ರಶ್ನಿಸಲಿಲ್ಲ. ಹದಿನಾಲ್ಕು ಲೀಟರಿಗೆ ಅತ್ತೆಗೆ ಎರಡನೇ ಹಳದಿ ಚೀಟಿ ಬಂತು.

ಭಾನುವಾರ ಪ್ರಾರ್ಥನೆ ಮುಗಿಸಿ ಅತ್ತೆ ತಮ್ಮನ ಮನೆಗೆ ಊಟಕ್ಕೆ ಬಂದಳು. ಕೆಸುವಿನೆಲೆಯಲ್ಲಿ ಸುತ್ತಿ ಬೇಯಿಸಿದ ಮಾಂಸ ಬಡಿಸಿದ್ದರೂ ಮುಟ್ಟಲಿಲ್ಲ. ನೈತೆ ಬಂದು ಅವಳ ಮುಂದೆ ಚಾಪೆಯ ಮೇಲೆ ಕಾಲು ಮಡಚಿ ಕೂತಳು. ತಲೆ ತಗ್ಗಿಸಿದಳು.

"ಅತ್ತೆ, ಆ ನಾಕ್ ನಿಮಿಷ ನಾನ್ ಬರ್ದಿದ್ದು."

ಅಪ್ಪ ಬಾಯಿಗೆ ಒಯ್ಯುತ್ತಿದ್ದ ತುತ್ತು ಅಲ್ಲೇ ನಿಂತಿತು. "ಏನಂದೆ?"

"ಅಪ್ಪ ಚರ್ಚಲ್ಲಿ ಎಲ್ರಿಗೂ ತೋರಿಸ್ದನಲ್ಲ, ಅದೇ ಹಾಳೆ. ನೀವು ಮುತ್ತಿಕ್ಕುದ್ರಲ್ಲ, ಅದೇ."

ಅಪ್ಪ ಎದ್ದ. ಅವನ ಕೈ ಮೇಲೆ ಹೋಗಿತ್ತು. ಅತ್ತೆ ಅವನ ಕಡೆ ತಿರುಗಿಯೂ ನೋಡದೆ "ಕೂತ್ಕೊಳ್ಳೋ" ಎಂದಳು. ಅಪ್ಪ ಕೂತ.

"ಎಂಗ್ ಬರ್ದೆ? ತೋರ್ಸು ನಂಗೆ."

ನೈತೆ ಪೆನ್ನು ಹುಡುಕಿದಳು. ಅತ್ತೆ ಬೇಡವೆಂದಳು, ತಾವು ಕೂತಿದ್ದ ಚಾಪೆಯೇ ಶೆಡ್ಡು ಎಂದಿಟ್ಟುಕೊಳ್ಳೋಣ ಎಂದಳು. ಒಂದು ಮೂಲೆಗೆ ಉಪ್ಪಿನ ಬಟ್ಟಲಿಟ್ಟು ಬೆಲ್ಟು ಎಂದಳು. ಎದುರು ಮೂಲೆಗೆ ತನ್ನ ಚಪ್ಪಲಿ ಇಟ್ಟು ಪಾಯಖಾನೆ ಎಂದಳು. ನೈತೆ ಬಟ್ಟಲಿನಿಂದ ಚಪ್ಪಲಿಗೆ ಬೆರಳಿನಿಂದ ನೇರ ಗೆರೆ ಎಳೆದಳು. ನಲವತ್ತು ವರ್ಷ ಚಾಪೆ ಹೆಣೆದ ಅತ್ತೆಗೆ ಆ ಗೆರೆ ಹೊಸದಾಗಿರಲಿಲ್ಲ. ಎಳೆಗಳು ಓಡುವುದೇ ಓರೆಯಾಗಿ, ಮೂಲೆಯಿಂದ ಮೂಲೆಗೆ.

"ಈ ಗೆರೆ ಮ್ಯಾಲೆ ಏನೇನ್ ಅದೆ?"

"ಮೊದ್ಲು ಖಾಲಿ ಡಬ್ಬದ್ ರಾಶಿ. ಆಮೇಲೆ ಆಫೀಸ್ನೋರ ಕಾಫಿ ರೂಮು. ಆಮೇಲೆ ವಿಟ್ಕಂಬ್ ಕೋಣೆ. ಅದರೊಳ್ಗೆ ಅವ್ನಿಗೇ ಅಂತ ಒಂದು ಬಾತ್ರೂಮು. ಅದರ್ ಗೋಡೆ ಆಚೆಗೆ ನಮ್ದು."

"ಅವ್ನಿಗೇ ಅಂತ ಒಂದಾ?"

"ನೀರಿನ್ ಪೈಪು ಒಂದೇ ಕಡೆ ಇರ್ಲಿ ಅಂತ ಅಕ್ಕಪಕ್ಕ ಕಟ್ಟವ್ರೆ."

ಅತ್ತೆ ಆ ಗೆರೆಯ ಮೇಲೆ ತಾನೂ ಬೆರಳು ಎಳೆದು ನೋಡಿದಳು. "ಇದೇ ದಾರಿ ಅಂತ ಕಂಪ್ನಿ ಒಪ್ಕಂಡದಾ?"

"ಒಪ್ಕಂಡು ಸೈನ್ ಹಾಕ್ಯದೆ. ಇಲಾಖೆಗ್ ಹೋದ್ ಕಡತದ್ ನಾಕ್ನೇ ಪುಟದಲ್ಲಿ ಅದೆ. ಇಲಾಖೆಯೋರೂ ಸೀಲ್ ಒತ್ತವ್ರೆ." ನೈತೆ ಕಣ್ಣೊರೆಸಿಕೊಂಡಳು.

"ಮತ್ತ್ಯಾಕೇ ಅಳ್ತೀಯ, ಹುಚ್ ಮುಂಡೆ?" ಎಂದಳು ಅತ್ತೆ. "ನೀನ್ ದಾರಿ ಸರ್ಯಾಗೇ ಹಾಕಿದ್ದೀಯ. ನಾವೇ ದಾರಿ ತಪ್ಪಿ ನಡೀತಿದ್ವಿ." ಎಲೆಯ ಕಟ್ಟು ಬಿಚ್ಚಿ ಮಾಂಸ ಬಾಯಿಗಿಟ್ಟುಕೊಂಡಳು. ಎರಡು ತಂಬಿಗೆ ನೀರು ಕುಡಿದಳು. ಸಂಜೆ ಚರ್ಚಿನ ಹಾಡಿನ ತಾಲೀಮಿಗೆ ಹೋಗಿ, ಶೆಡ್ಡಿನ ಹೆಂಗಸರನ್ನೆಲ್ಲ ಒಂದು ಮೂಲೆಗೆ ಕರೆದು ಕೂರಿಸಿಕೊಂಡಳು.

ಬುಧವಾರ ಬೆಳಿಗ್ಗೆ ಶಿಕ್ಷಣ ಇಲಾಖೆಯಿಂದ ಮಿಸೆಸ್ ಲೋಡರ್ ಎಂಬಾಕೆ ಬಂದರು. ಶಾಲೆ ಮತ್ತು ಕಂಪನಿ ಕೂಡಿ ನಿಜಜೀವನದ ಗಣಿತ ಮಾಡಿದ್ದಕ್ಕೆ ಪ್ರಶಸ್ತಿ ಕೊಡಲು. ವಿಟ್ಕಂಬ್‌ನ ಕೋಣೆಯಲ್ಲಿ ಕೇಕು ಕತ್ತರಿಸಿಟ್ಟಿತ್ತು. ಪ್ರೂಯಿಟ್ ಮೇಷ್ಟ್ರು ಟೈ ಕಟ್ಟಿಕೊಂಡು ಬಂದಿದ್ದರು. ಪ್ರಮಾಣಪತ್ರ ಹಿಡಿದುಕೊಳ್ಳಲು ನೈತೆಯನ್ನು ಮಧ್ಯೆ ನಿಲ್ಲಿಸಿದ್ದರು.

"ಈ ಹುಡುಗಿಯ ಕೆಲಸದಿಂದ ನಮಗೆ ದಿನಕ್ಕೆ ನೂರೆಂಬತ್ತು ಪೆಟ್ಟಿಗೆ ಹೆಚ್ಚು ಸಿಗ್ತಿದೆ," ಎಂದ ವಿಟ್ಕಂಬ್. "ಗಣಿತದಿಂದ ಏನುಪಯೋಗ ಅಂತ ಕೇಳ್ತಾರಲ್ಲ, ಇಲ್ಲಿದೆ ನೋಡಿ."

ಮಿಸೆಸ್ ಲೋಡರ್ ನೈತೆಯ ಕೈ ಕುಲುಕಿದರು. "ಹೇಳಮ್ಮ, ನಿಜಜೀವನದಲ್ಲಿ ನಿನ್ನ ಲೆಕ್ಕ ಕೆಲಸ ಮಾಡೋದನ್ನ ನೋಡಿದಾಗ ಏನನ್ನಿಸಿತು?"

"ಇನ್ನೂ ನೋಡಿಲ್ಲ ಮೇಡಂ. ಇವತ್ತು ನೋಡ್ಬೇಕು," ಎಂದಳು ನೈತೆ. ಗೋಡೆಯ ಗಡಿಯಾರದಲ್ಲಿ ಹತ್ತಾಗಿತ್ತು. ಅವಳು ಜೇಬಿನಿಂದ ಶಾಲೆಯ ಸ್ಟಾಪ್‌ವಾಚು ತೆಗೆದು ಒತ್ತಿದಳು.

ಮೊದಲು ಖಾಲಿ ಡಬ್ಬಗಳ ರಾಶಿ ಧಡಧಡ ಉರುಳಿದ ಸದ್ದು ಕೇಳಿತು. ಆಮೇಲೆ ಕಾಫಿ ರೂಮಿನಲ್ಲಿ ಯಾರೋ ಕಿರುಚಿದರು, ಕುರ್ಚಿ ಬಿತ್ತು. ವಿಟ್ಕಂಬ್‌ನ ಗಾಜಿನ ಬಾಗಿಲು ತೆರೆಯಿತು. ಕಲೋ ಅತ್ತೆ ನಿಂತಿದ್ದಳು. ಏಪ್ರನ್ನಿನ ಮೇಲೆ ಸೊಂಟಕ್ಕೆ ಚಾಪೆ ಸುತ್ತಿ ಹುರಿ ಬಿಗಿದಿದ್ದಳು. ರಾಜರ ಮುಂದೆ, ದೇವರ ಮುಂದೆ, ಹೆಣದ ಮುಂದೆ ಹೋಗುವಾಗ ನಮ್ಮವರು ಸುತ್ತಿಕೊಳ್ಳುವ ಒಳ್ಳೆಯ ಚಾಪೆ ಅದು. ಅವಳ ಹಿಂದೆ ವೀಕಾ, ವೀಕಾಳ ಹಿಂದೆ ಉಳಿದವರು, ಕಾಫಿ ರೂಮು ದಾಟಿ ಬೆಲ್ಟಿನ ತನಕ ಒಂದೇ ಸಾಲು. ಎಲ್ಲರ ಸೊಂಟದಲ್ಲೂ ಚಾಪೆ.

"ಒಂದ್ ನಿಮಿಷ ಮೂರ್ ಸೆಕೆಂಡು," ಎಂದು ಕೂಗಿದಳು ನೈತೆ.

"ಏನಿದು? ಡ್ಯಾರೆಲ್!" ಎಂದ ವಿಟ್ಕಂಬ್. "ಇಲ್ಲಿಗೆ ನೀವು ಬರೋ ಹಾಗಿಲ್ಲ, ಗೊತ್ತಿಲ್ವಾ?"

"ನಾವ್ ಎಲ್ಗೂ ಬಂದಿಲ್ಲ ಸ್ವಾಮಿ," ಎಂದಳು ಅತ್ತೆ. "ಉಚ್ಚೆ ಹುಯ್ಯಕ್ ಹೊಂಟಿದ್ದೀವಿ. ನಿಮ್ ಕೋಣೆ ನಮ್ ದಾರೀಲಿ ಕೂತದೆ."

ಗೆರೆ ನೇರವಾಗಿ ಮೇಜಿನ ಮೇಲೆ ಹಾಯುತ್ತಿತ್ತು. ಅತ್ತೆ ಒಂದು ಕೈಯಿಂದ ಮಂಡಿ ಹಿಡಿದುಕೊಂಡು ಇನ್ನೊಂದು ಕೈಯನ್ನು ಪ್ರೂಯಿಟ್ ಮೇಷ್ಟ್ರ ಕಡೆ ಚಾಚಿದಳು. ಮೇಷ್ಟ್ರು ಏನೂ ತೋಚದೆ ಕೈ ಕೊಟ್ಟರು. ಅವಳು ಕುರ್ಚಿ ಹತ್ತಿ, ಕುರ್ಚಿಯಿಂದ ಮೇಜು ಹತ್ತಿ, ಕೇಕನ್ನು ಹುಷಾರಾಗಿ ದಾಟಿ, ಆ ಕಡೆ ಇಳಿದಳು.

"ಸುತ್ಕಂಡ್ ಬರ್ಬೋದಿತ್ತಲ್ಲಮ್ಮ, ಮೇಜು ಪಕ್ಕದಲ್ಲಿ ಜಾಗ ಇದೆ," ಎಂದರು ಮೇಷ್ಟ್ರು ಮೆಲ್ಲಗೆ.

"ಸುತ್ತುದ್ರೆ ನಿಮ್ ಲೆಕ್ಕ ಕೆಡ್ತದೆ ಸಾ."

ಮಿಸೆಸ್ ಲೋಡರ್ ಪ್ರಶಸ್ತಿಯ ಕಡತ ತೆರೆದರು. ನೈತೆಯೇ ನಾಲ್ಕನೇ ಪುಟ ತೆಗೆದು ತೋರಿಸಿದಳು. ನಕ್ಷೆ, ತ್ರಿಭುಜ, ಕೆಂಪು ಗೆರೆ, ವಿಟ್ಕಂಬ್‌ನ ಸಹಿ, ಇಲಾಖೆಯ ಸೀಲು. ಮಿಸೆಸ್ ಲೋಡರ್ ಬೆರಳನ್ನು ಗೆರೆಯ ಮೇಲೆ ಎಳೆದು, ತಲೆಯೆತ್ತಿ ಮೇಜು ನೋಡಿ, ಮತ್ತೆ ಬೆರಳಿನ ಕಡೆ ನೋಡಿದರು. "ಹೌದು... ಇವರು ಸರಿಯಾಗಿ ಗೆರೆ ಮೇಲೇ ಇದ್ದಾರೆ," ಎಂದರು.

ಅತ್ತೆ ವಿಟ್ಕಂಬ್‌ನ ಬಾತ್ರೂಮಿನ ಬಾಗಿಲು ತೆಗೆದು ಒಳಗೆ ಇಣುಕಿದಳು. ಬಿಳಿ ಟವಲು, ಸುವಾಸನೆಯ ಸೋಪು. "ಆಹಾ, ಕನ್ನಡಿ ಬ್ಯಾರೆ," ಎಂದು ಹಿಂದಿನವರಿಗೆ ವರದಿ ಒಪ್ಪಿಸಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

"ಎರಡ್ ನಿಮಿಷ ಐದ್ ಸೆಕೆಂಡು."

ಒಳಗಿಂದ ಹಾಡು ಕೇಳಿಸಿತು. ಭಾನುವಾರದ ಹಾಡು, ಏಳು ಚರಣದ್ದು. ಹೊರಗೆ ವೀಕಾ ಕೆಳದನಿ ಹಿಡಿದಳು, ಕಾಫಿ ರೂಮಿನಲ್ಲಿದ್ದವರು ಮೇಲುದನಿ ಎತ್ತಿದರು. ಕೋಣೆಯ ಗಾಜು ಸಣ್ಣಗೆ ನಡುಗಿತು. ಆಚೆ, ಯಾರೂ ಇಲ್ಲದ ಬೆಲ್ಟು ತನ್ನ ಪಾಡಿಗೆ ಓಡುತ್ತ ತುದಿಯಲ್ಲಿ ದ್ರಾಕ್ಷಿಯನ್ನು ನೆಲಕ್ಕೆ ಸುರಿಯುತ್ತಿತ್ತು.

ಆ ಹೊತ್ತಿಗೆ ಡ್ಯಾರೆಲ್ ಹೆಂಗಸರನ್ನು ನೂಕಿಕೊಂಡು ಒಳಗೆ ನುಗ್ಗಿದ. ವಿಟ್ಕಂಬ್ ಬಾಗಿಲಿನ ಕಡೆ ಬೆರಳು ತೋರಿಸಿದ. ಡ್ಯಾರೆಲ್ ಗುದ್ದಿದ. "ಬಾರೇ ಆಚೆಗೆ, ಬೋಸುಡಿ! ಟೈಮಾಯ್ತು!"

"ಆಗಿಲ್ಲ," ಎಂದಳು ನೈತೆ. "ಇನ್ನೂ ಮೂರ್ ನಿಮಿಷ ನಲವತ್ತು."

"ನೀನ್ ಬಾಯ್ ಮುಚ್ಚೇ."

"ನಲವತ್ತೊಂದು. ನಲವತ್ತೆರಡು." ಅವಳು ಎಣಿಸುತ್ತಲೇ ಹೋದಳು. ಐವತ್ತೆಂಟು ಬಂತು, ಹೋಯಿತು. ನಾಲ್ಕು ನಿಮಿಷವೂ ಬಂತು, ಹೋಯಿತು. ಒಳಗೆ ಮೂರನೇ ಚರಣ ನಡೆಯುತ್ತಿತ್ತು.

"ಈಗಾಯ್ತಲ್ಲ!" ಡ್ಯಾರೆಲ್‌ಗೆ ಗೆದ್ದಷ್ಟು ಸಂತೋಷವಾಯಿತು. ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, ಹೆಸರು ಬರೆದು, ಹೊತ್ತು ಬರೆದು, ಹಳದಿ ಚೀಟಿ ಹರಿದ. ಬಾಗಿ ಅದನ್ನು ಬಾಗಿಲ ಕೆಳಗಿನ ಸಂದಿಯಿಂದ ಒಳಗೆ ತಳ್ಳಿದ. "ಮೂರ್ನೇದು ಕಣೇ ಮುದ್ಕಿ! ಚೆನ್ನಾಗ್ ಓದ್ಕೋ! ಶನಿವಾರದ್ ವಿಮಾನ ನಿಂಗೆ!"

ಹಾಡು ನಿಂತಿತು. ಹೊರಗಿನವರೂ ನಿಲ್ಲಿಸಿದರು. ನೈತೆಗೆ ಅರ್ಧ ಸೂರಿನ ಮನೆ ನೆನಪಾಯಿತು. ಒಳಗೆ ಕಾಗದ ಎತ್ತಿಕೊಂಡ ಸರಸರ ಸದ್ದು.

"ಪುಣ್ಯ ಬರ್ಲಿ ನಿಂಗೆ," ಎಂದಿತು ಅತ್ತೆಯ ದನಿ. "ಸರ್ಯಾದ್ ಹೊತ್ಗೆ ಕೊಟ್ಟೆ ಕಣ್ಲಾ. ಇಲ್ಲಿ ಪೇಪರ್ ಮುಗ್ದೋಗಿತ್ತು."

ನೀರು ಬಿಟ್ಟ ಸದ್ದಾಯಿತು. ವೀಕಾ ಸೊಂಟದ ಚಾಪೆ ಬಿಗಿ ಮಾಡಿಕೊಂಡು ಮೇಜು ಹತ್ತಿದಳು.